ರಹೀಂ ಚಾಚಾನಿಗೆ ಮರುಕ ಸಾಕೇ?

2025ರ ಆಗಸ್ಟ್ 15ಕ್ಕೆ 'ಶೋಲೆ' ಸಿನಿಮಾಕ್ಕೆ 50 ವರ್ಷ ತುಂಬಿತು. ಪತ್ರಿಕೆಗಳು ಪುಟ ತುಂಬಿಸಿದವು, ಚಾನೆಲ್‌ಗಳು ಮಾತಾಡಿದವು. ಗಬ್ಬರ್‌ನ ಅಬ್ಬರ, ಜೈ-ವೀರೂ ಗೆಳೆತನ, ಬಸಂತಿಯ ಟಾಂಗಾ, ಚಿತ್ರೀಕರಣ ನಡೆದ ನಮ್ಮ ರಾಮನಗರದ ಬಂಡೆಗಳು ಎಲ್ಲವೂ ನೆನಪಾದವು. ಮಸೀದಿಯ ಕುರುಡು ಇಮಾಮ್ ರಹೀಂ ಚಾಚಾ ಕೂಡ ನೆನಪಾದ. ಊರು ಯಾಕಿಷ್ಟು ಮೌನವಾಗಿದೆ ಎಂದು ಆತ ಕೇಳುವ ಪ್ರಶ್ನೆ ಈಗ ಮೊಬೈಲುಗಳಲ್ಲಿ ಜೋಕಾಗಿ ಓಡಾಡುತ್ತಿದೆ. ಆ ಪಾತ್ರ ಮಾಡಿದ ಎ.ಕೆ. ಹಂಗಲ್‌ರ ಬಗ್ಗೆ ನಾಲ್ಕು ಸಾಲು ಬರೆಯುವವರ ಧಾಟಿಯೂ ಹೆಚ್ಚುಕಡಿಮೆ ಒಂದೇ. ಇನ್ನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ ಮನುಷ್ಯ, ಕೊನೆಗಾಲದಲ್ಲಿ ಔಷಧಿಗೂ ದುಡ್ಡಿರಲಿಲ್ಲ, ಪಾಪ.

ಈ 'ಪಾಪ' ಎಂಬ ಪದದ ಬಗ್ಗೆಯೇ ನನ್ನ ತಕರಾರು.

ಮಳೆ ಬಂದು ಮನೆ ಬಿದ್ದರೆ ಪಾಪ ಅನ್ನಬಹುದು. ಹಾಡಹಗಲೇ ಯಾರೋ ಬಂದು ಗೋಡೆಗೆ ಹಾರೆ ಹಾಕಿ ಕೆಡವಿದರೆ, ನೆರೆಹೊರೆಯವರು ಕೈಕಟ್ಟಿ ನಿಂತು ನೋಡಿದರೆ, ಅದಕ್ಕೂ ಪಾಪ ಎಂದು ಹೇಳಿ ಮುಗಿಸುವುದೇ? ಹಂಗಲ್‌ರದ್ದು ದುರದೃಷ್ಟದ ಕತೆ ಮಾತ್ರ ಅಲ್ಲ. ದುಡಿಯುತ್ತಿದ್ದ ಒಬ್ಬ ಹಿರಿಯ ನಟನ ಕೈಯಿಂದ ಕೆಲಸ ಕಿತ್ತುಕೊಂಡ ಕತೆಯೂ ಹೌದು. ಕಿತ್ತುಕೊಂಡವರು ಯಾರು, ಯಾಕೆ, ಅದು ಹೇಗೆ ಅಷ್ಟು ಸಲೀಸಾಗಿ ಸಾಧ್ಯವಾಯಿತು ಎಂಬ ಪ್ರಶ್ನೆಗಳನ್ನು ಮರುಕವು ಮುಚ್ಚಿಹಾಕುತ್ತದೆ. ಆದ್ದರಿಂದಲೇ ಮರುಕ ನಮಗೆ ಅಷ್ಟು ಇಷ್ಟ.

ಮೊದಲು ಈ ಮನುಷ್ಯ ಯಾರೆಂದು ನೋಡೋಣ. ಹಂಗಲ್ ಎಂದೊಡನೆ ಕನ್ನಡಿಗರಿಗೆ ಹಾವೇರಿ ಜಿಲ್ಲೆಯ ಹಾನಗಲ್ಲೂ ಗಂಗೂಬಾಯಿಯವರೂ ನೆನಪಾಗುವುದು ಸಹಜ. ಆದರೆ ಅವತಾರ್ ಕಿಶನ್ ಹಂಗಲ್‌ರಿಗೆ ಆ ಊರಿನ ನಂಟಿಲ್ಲ. ಅವರದ್ದು ಕಾಶ್ಮೀರಿ ಪಂಡಿತ ಮನೆತನ. ಹುಟ್ಟಿದ್ದು ಇಂದಿನ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ಬಾಲ್ಯ ಕಳೆದದ್ದು ಪೇಶಾವರದಲ್ಲಿ. ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರ ಊರದು. 1930ರಲ್ಲಿ ಅಲ್ಲಿನ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಬ್ರಿಟಿಷರು ಗುಂಡು ಹಾರಿಸಿದ್ದರು. ಅಂಥ ಊರಿನಲ್ಲಿ ಬೆಳೆದ ಹುಡುಗ ಸ್ವಾತಂತ್ರ್ಯ ಚಳವಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೊಟ್ಟೆಪಾಡಿಗೆ ಕಲಿತದ್ದು ದರ್ಜಿ ಕೆಲಸ. ಕರಾಚಿಯಲ್ಲಿ ಎಡಪಂಥೀಯ ಚಳವಳಿಗೆ ಇಳಿದು ಜೈಲು ಸೇರಿದರು. ದೇಶ ವಿಭಜನೆಯಾದಾಗ ಅವರು ಗಡಿಯ ಆಚೆಗಿದ್ದರು. 1949ರಲ್ಲಿ ಬಿಡುಗಡೆಯಾದ ಮೇಲೆ ಮುಂಬೈಗೆ ಬಂದರು.

ಗಮನಿಸಿ, ಪಾಕಿಸ್ತಾನ ಹುಟ್ಟಿದ ಹೊಸದರಲ್ಲಿ ಅದರ ಜೈಲಿನಲ್ಲಿದ್ದು ಬಂದ ಮನುಷ್ಯ ಇವರು. ಮುಂದಿನ ಕತೆಗೆ ಈ ಸಂಗತಿ ಬೇಕಾಗುತ್ತದೆ.

ಮುಂಬೈಯಲ್ಲಿ ಹಗಲು ಹೊಲಿಗೆ, ಬಿಡುವಿನಲ್ಲಿ ನಾಟಕ. 1943ರಲ್ಲಿ ಹುಟ್ಟಿದ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾದಲ್ಲಿ ಬಲರಾಜ್ ಸಾಹನಿ, ಕೈಫಿ ಆಜ್ಮಿಯಂಥವರ ಒಡನಾಟ ಸಿಕ್ಕಿತು. ಸಿನಿಮಾಕ್ಕೆ ಬಂದದ್ದು 1966ರಲ್ಲಿ, ಬಸು ಭಟ್ಟಾಚಾರ್ಯರ 'ತೀಸ್ರಿ ಕಸಂ' ಮೂಲಕ. ಆಗ ಅವರ ವಯಸ್ಸು ಐವತ್ತರ ಆಸುಪಾಸು. ಬೇರೆಯವರು ತಂದೆಯ ಪಾತ್ರಕ್ಕೆ ಇಳಿಯುವ ವಯಸ್ಸಿನಲ್ಲಿ ಇವರ ವೃತ್ತಿ ಶುರುವಾಯಿತು. ಹಾಗಾಗಿ ಪರದೆಯ ಮೇಲೆ ಹಂಗಲ್ ಎಂದೂ ಯುವಕರಾಗಿರಲಿಲ್ಲ. 'ಗುಡ್ಡಿ'ಯಲ್ಲಿ, 'ಅಭಿಮಾನ್'ನಲ್ಲಿ ನಾಯಕಿಯ ತಂದೆ. 'ನಮಕ್ ಹರಾಮ್'ನಲ್ಲಿ ಕಾರ್ಮಿಕ ನಾಯಕ. ಬಸು ಚಟರ್ಜಿಯವರ 'ಶೌಕೀನ್'ನಲ್ಲಿ ಅಶೋಕ್ ಕುಮಾರ್, ಉತ್ಪಲ್ ದತ್ತರ ಜೊತೆ ಚಪಲ ಬಿಡದ ಮುದುಕ. 1988ರಲ್ಲಿ ದೂರದರ್ಶನದಲ್ಲಿ ಬಂದ ಗೋವಿಂದ ನಿಹಲಾನಿಯವರ 'ತಮಸ್'ನಲ್ಲೂ ಇದ್ದರು. ವಿಭಜನೆಯ ಗಲಭೆಯ ಕತೆ ಹೇಳುವ ಆ ಧಾರಾವಾಹಿಯನ್ನು ನಿಲ್ಲಿಸಬೇಕೆಂದು ಕೆಲವರು ಸುಪ್ರೀಂ ಕೋರ್ಟಿನ ತನಕ ಹೋಗಿದ್ದರು; ಕೋರ್ಟು ಒಪ್ಪಲಿಲ್ಲ.

ಇವುಗಳಲ್ಲೆಲ್ಲ ನಮ್ಮ ಲೆಕ್ಕಕ್ಕೆ ಮುಖ್ಯವಾದ ಪಾತ್ರಗಳು ಎರಡು.

ಒಂದು, ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ 'ಗರ್ಮ್ ಹವಾ'. ವಿಭಜನೆಯ ನಂತರವೂ ಆಗ್ರಾ ಬಿಟ್ಟುಹೋಗಲು ಒಪ್ಪದ ಚಪ್ಪಲಿ ವ್ಯಾಪಾರಿ ಸಲೀಂ ಮಿರ್ಜಾ ಆಗಿ ಬಲರಾಜ್ ಸಾಹನಿ. ಮಿರ್ಜಾರ ಹವೇಲಿ ಕೈತಪ್ಪಿದ ಮೇಲೆ ಅದಕ್ಕೆ ಬರುವ ಸಿಂಧಿ ವ್ಯಾಪಾರಿ ಅಜ್ಮಾನಿ ಆಗಿ ಹಂಗಲ್. ಅಜ್ಮಾನಿಯೂ ಊರು ಕಳಕೊಂಡು ಬಂದವನೇ. ಮಿರ್ಜಾನ ಬಗ್ಗೆ ಅವನಿಗೆ ದ್ವೇಷವಿಲ್ಲ. ಕರಾಚಿಯಿಂದ ಬರಿಗೈಯಲ್ಲಿ ಬಂದ ಹಂಗಲ್‌ರಿಗೆ ಈ ಪಾತ್ರವನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಈ ಸಿನಿಮಾ ತೋರಿಸಿದರೆ ಕೋಮು ಗಲಭೆಯಾದೀತೆಂದು ಸೆನ್ಸಾರಿನವರು ತಿಂಗಳುಗಟ್ಟಲೆ ತಡೆದಿಟ್ಟರು. 1974ರಲ್ಲಿ ಬಿಡುಗಡೆಯಾಯಿತು, ಎಲ್ಲೂ ಗಲಭೆಯಾಗಲಿಲ್ಲ.

ಇನ್ನೊಂದು, 1975ರ 'ಶೋಲೆ'. ರಹೀಂ ಚಾಚಾನ ಮಗ ಅಹ್ಮದ್‌ಗೆ ಜಬಲ್ಪುರದ ಬೀಡಿ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ. ಕುರುಡ ತಂದೆಯನ್ನು ಬಿಟ್ಟುಹೋಗಲು ಹುಡುಗನಿಗೆ ಮನಸ್ಸಿಲ್ಲ. ಕೊನೆಗೆ ಹೊರಡುತ್ತಾನೆ, ದಾರಿಯಲ್ಲಿ ಗಬ್ಬರ್ ಕೊಲ್ಲುತ್ತಾನೆ. ಹೆಣ ಊರಿಗೆ ಬರುತ್ತದೆ. ಊರಿನವರು ಹೆದರಿ ಜೈ-ವೀರೂರನ್ನು ಕಳಿಸಿಬಿಡೋಣ ಎನ್ನುತ್ತಾರೆ. ಆಗ ಮಗನನ್ನು ಕಳಕೊಂಡ ಈ ಮುದುಕ, ಊರಿಗಾಗಿ ಬಲಿಕೊಡಲು ಇನ್ನಷ್ಟು ಮಕ್ಕಳನ್ನು ಯಾಕೆ ಕೊಡಲಿಲ್ಲ ಎಂದು ದೇವರನ್ನು ಕೇಳುತ್ತೇನೆ ಅನ್ನುತ್ತಾನೆ. ಅದಾನಿನ ಕರೆಗೆ ನಮಾಝಿಗೆ ಹೊರಡುತ್ತಾನೆ.

ನೋಡಿದವರ ಕಣ್ಣು ತೇವವಾಗುತ್ತದೆ, ನಿಜ. ಕುರುಡನೊಬ್ಬನ ನಡಿಗೆಯನ್ನು, ದನಿಯನ್ನು ಹಂಗಲ್ ತೋರಿಸಿದ ಬಗೆಗೆ ಸಲಾಂ ಹೇಳಲೇಬೇಕು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ರಹೀಂ ಚಾಚಾನನ್ನು ಇಡೀ ದೇಶ ಪ್ರೀತಿಸಿದ್ದು ಯಾಕೆ? ಆತ ವೃದ್ಧ, ಕುರುಡ, ಏನನ್ನೂ ಕೇಳದವನು. ಇದ್ದೊಬ್ಬ ಮಗನನ್ನು ಕೊಟ್ಟವನು, ಇನ್ನೂ ಕೊಡಲು ಸಿದ್ಧನಿದ್ದವನು. ಒಳ್ಳೆಯ ಮುಸ್ಲಿಮನೆಂದು ಒಪ್ಪಿಕೊಳ್ಳಲು ನಮ್ಮ ಸಮಾಜ ಇಟ್ಟ ಅರ್ಹತಾ ಪರೀಕ್ಷೆ ಇದೇ ಅಲ್ಲವೇ? ಠಾಕೂರನಿಗೆ ಇಲ್ಲದ, ಬಸಂತಿಗೆ ಇಲ್ಲದ ಈ ಪರೀಕ್ಷೆ ಚಾಚಾನಿಗೆ ಮಾತ್ರ ಯಾಕೆ? ಠಾಕೂರನ ಮನೆಯಲ್ಲೂ ಹೆಣಗಳು ಬಿದ್ದಿವೆ. ಆದರೆ ಆತನಿಗೆ ಸೇಡು ತೀರಿಸಿಕೊಳ್ಳುವ ಹಕ್ಕನ್ನು ಕತೆ ಕೊಟ್ಟಿದೆ. ಚಾಚಾನಿಗೆ ಕೊಟ್ಟಿರುವುದು ಸಹನೆಯನ್ನು ಮಾತ್ರ.

ಇದನ್ನು ಹಂಗಲ್‌ರ ತಪ್ಪೆಂದು ಹೇಳುತ್ತಿಲ್ಲ. ವಿಪರ್ಯಾಸ ಏನೆಂದರೆ, ಪರದೆಯ ಮೇಲೆ ರಹೀಂ ಚಾಚಾ ಪಾಸಾದ ಅದೇ ದೇಶಪ್ರೇಮದ ಪರೀಕ್ಷೆಗೆ ನಿಜಜೀವನದಲ್ಲಿ ಕಾಶ್ಮೀರಿ ಪಂಡಿತ ಹಂಗಲ್‌ರನ್ನು ಕೂರಿಸಲಾಯಿತು. ಮತ್ತು ಫೇಲ್ ಮಾಡಲಾಯಿತು.

1993. ಬಾಬರಿ ಮಸೀದಿ ಕೆಡವಿದ ನಂತರದ ಗಲಭೆ, ಮಾರ್ಚ್ 12ರ ಸರಣಿ ಸ್ಫೋಟ ಇವುಗಳಿಂದ ಮುಂಬೈ ಬೆಂದುಹೋಗಿದ್ದ ವರ್ಷ. ಎಪ್ಪತ್ತೈದು ದಾಟಿದ್ದ ಹಂಗಲ್‌ರಿಗೆ ಹುಟ್ಟಿದ ಊರನ್ನೊಮ್ಮೆ ನೋಡುವ ಆಸೆ. ವೀಸಾಕ್ಕೆ ಅರ್ಜಿ ಹಾಕಿದರು. ಮುಂಬೈಯಲ್ಲಿದ್ದ ಪಾಕಿಸ್ತಾನದ ಕಾನ್ಸುಲೇಟ್‌ನಿಂದ ಪಾಕಿಸ್ತಾನ ದಿನಾಚರಣೆಗೆ ಆಹ್ವಾನ ಬಂತು. ಹೋದರು. ಅಷ್ಟೇ. ಶಿವಸೇನೆಯ ಬಾಳ್ ಠಾಕ್ರೆ ಅವರನ್ನು ದೇಶದ್ರೋಹಿಯಂತೆ ಬಿಂಬಿಸಿದರು, ಅವರ ಸಿನಿಮಾಗಳನ್ನು ಬಹಿಷ್ಕರಿಸುವಂತೆ ಕರೆಕೊಟ್ಟರು. ಪ್ರತಿಕೃತಿ ಸುಡಲಾಯಿತು. ಅವರಿದ್ದ ದೃಶ್ಯಗಳನ್ನು ಸಿನಿಮಾಗಳಿಂದ ಕತ್ತರಿಸಲಾಯಿತು. ಸುಮಾರು ಎರಡು ವರ್ಷ ಅವರಿಗೆ ಕೆಲಸವಿರಲಿಲ್ಲ.

ಅವರ ಮೇಲೆ ಯಾವ ಕೇಸಿತ್ತು? ಯಾವ ಕಾನೂನನ್ನು ಮುರಿದಿದ್ದರು? ಭಾರತ ಸರ್ಕಾರದ ಅನುಮತಿಯಿಂದಲೇ ನಡೆಯುತ್ತಿದ್ದ ಕಚೇರಿಯೊಂದರ ಕಾರ್ಯಕ್ರಮಕ್ಕೆ ಹೋಗುವುದು ಅಪರಾಧವಾದರೆ, ಮೊದಲು ಪ್ರಶ್ನಿಸಬೇಕಾದದ್ದು ಸರ್ಕಾರವನ್ನಲ್ಲವೇ? ಸ್ವಾತಂತ್ರ್ಯಕ್ಕಾಗಿ ಹೋರಾಡಿದ, ಪಾಕಿಸ್ತಾನದ ಜೈಲು ನೋಡಿ ಬಂದ ವೃದ್ಧನ ದೇಶಪ್ರೇಮವನ್ನು ಅಳೆಯಲು ಹೊರಟವರ ಕೈಯಲ್ಲಿದ್ದ ಅಳತೆಗೋಲು ಯಾವುದು?

ಇಲ್ಲಿ ಒಂದು ಪಾಠವಿದೆ. ದೇಶಪ್ರೇಮದ ಸರ್ಟಿಫಿಕೇಟು ಕೇಳುವ ಚಟ ಮುಸ್ಲಿಮನ ಬಾಗಿಲಲ್ಲಿ ಶುರುವಾಗುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಪಕ್ಕದ ಮನೆಯವರು ಅದು ಅವರ ಸಮಸ್ಯೆ ಎಂದು ಬಾಗಿಲು ಹಾಕಿಕೊಂಡಿರುತ್ತಾರೆ. ಒಂದು ದಿನ ಅವರ ಬಾಗಿಲನ್ನೂ ತಟ್ಟುತ್ತದೆ.

ಅಷ್ಟಕ್ಕೂ, ಬಹಿಷ್ಕಾರ ಪ್ರಜಾಪ್ರಭುತ್ವದ ಹಕ್ಕಲ್ಲವೇ ಎಂದು ಕೇಳುವವರಿದ್ದಾರೆ. ಗಾಂಧೀಜಿ ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಲಿಲ್ಲವೇ ಎಂದೂ ಕೇಳುತ್ತಾರೆ. ಸರಿ. ನನಗೆ ಇಷ್ಟವಿಲ್ಲದ ನಟನ ಸಿನಿಮಾಕ್ಕೆ ನಾನು ಟಿಕೆಟ್ ಕೊಳ್ಳದಿರುವುದು ನನ್ನ ಹಕ್ಕು. ಅಲ್ಲಿ ಉಳಿಯುವುದು ನನ್ನ ದುಡ್ಡು, ನನ್ನ ಸಮಯ. ಆದರೆ ಬೇರೆ ಯಾರೂ ನೋಡದಂತೆ ಥಿಯೇಟರ್ ಮಾಲಿಕನನ್ನು ಹೆದರಿಸುವುದು, ಆ ನಟನನ್ನು ಹಾಕಿಕೊಂಡರೆ ಜೋಕೆ ಎಂದು ನಿರ್ಮಾಪಕನಿಗೆ ಸೂಚಿಸುವುದು ಬಹಿಷ್ಕಾರವಲ್ಲ, ಇನ್ನೊಬ್ಬನ ತಟ್ಟೆಯಿಂದ ಅನ್ನ ಕಸಿಯುವುದು. ಹಂಗಲ್‌ರ ದೃಶ್ಯಗಳನ್ನು ಪ್ರೇಕ್ಷಕರು ತಿರಸ್ಕರಿಸಲಿಲ್ಲ. ಪ್ರೇಕ್ಷಕರ ಕಣ್ಣಿಗೆ ಬೀಳುವ ಮೊದಲೇ ಕತ್ತರಿ ಬಿದ್ದಿತ್ತು.

ಈ ಅಳತೆಯನ್ನು ಶಿವಸೇನೆಗೆ ಮಾತ್ರ ಇಟ್ಟರೆ ನ್ಯಾಯವಾಗುವುದಿಲ್ಲ. 2013ರಲ್ಲಿ ಕಮಲ್ ಹಾಸನ್‌ರ 'ವಿಶ್ವರೂಪಂ' ನಿಲ್ಲಿಸಬೇಕೆಂದು ತಮಿಳುನಾಡಿನ ಮುಸ್ಲಿಮ್ ಸಂಘಟನೆಗಳು ಪಟ್ಟುಹಿಡಿದವು, ಸರ್ಕಾರ ನಿಷೇಧ ಹೇರಿತು. ಸಿನಿಮಾದ ಚಿತ್ರಣದ ಬಗ್ಗೆ ಆಕ್ಷೇಪ ಇರಬಹುದು, ಇರಲಿ. ಅದನ್ನು ಬರೆದು, ಮಾತಾಡಿ, ಇನ್ನೊಂದು ಸಿನಿಮಾ ಮಾಡಿ ಹೇಳಬೇಕೇ ಹೊರತು ಥಿಯೇಟರಿಗೆ ಬೀಗ ಹಾಕಿಸಿ ಅಲ್ಲ. 2025ರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತೆಂದು ಅದೇ ಕಮಲ್ ಹಾಸನ್ ಹೇಳಿದರು. ಆ ಮಾತು ತಪ್ಪೇ. ಅದಕ್ಕೆ ಉತ್ತರ ಭಾಷಾವಿಜ್ಞಾನದಲ್ಲಿದೆ. ನಾವು ಕರ್ನಾಟಕದಲ್ಲಿ ಕೊಟ್ಟ ಉತ್ತರ 'ಥಗ್ ಲೈಫ್' ಸಿನಿಮಾಕ್ಕೆ ತಡೆ. ಬೀದಿಯ ಬೆದರಿಕೆಗೆ ಕಾನೂನು ಮಣಿಯಬಾರದೆಂದು ಸುಪ್ರೀಂ ಕೋರ್ಟೇ ನೆನಪಿಸಬೇಕಾಯಿತು. ಮುಂಬೈಯಲ್ಲಾದರೆ ಗೂಂಡಾಗಿರಿ, ನಮ್ಮಲ್ಲಾದರೆ ಅಭಿಮಾನ ಎಂದು ಎರಡು ತಕ್ಕಡಿ ಇಟ್ಟುಕೊಂಡವರಿಗೆ ಹಂಗಲ್‌ರ ಹೆಸರೆತ್ತುವ ನೈತಿಕತೆ ಇರುವುದಿಲ್ಲ.

ಆದರೆ ಕಮಲ್ ಹಾಸನ್‌ಗೂ ಹಂಗಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಮಲ್ ಸ್ಟಾರ್. ಸ್ವಂತ ನಿರ್ಮಾಣ ಸಂಸ್ಥೆ, ವಕೀಲರು, ಲಕ್ಷಾಂತರ ಅಭಿಮಾನಿಗಳು ಇದ್ದಾರೆ. ಒಂದು ಸಿನಿಮಾ ನಿಂತರೆ ನಷ್ಟವಾದೀತು, ಒಲೆ ಆರುವುದಿಲ್ಲ. ದಿಲೀಪ್ ಕುಮಾರ್‌ರನ್ನೇ ನೋಡಿ. 1998ರಲ್ಲಿ ಪಾಕಿಸ್ತಾನ ಅವರಿಗೆ ನಿಶಾನ್-ಎ-ಇಮ್ತಿಯಾಝ್ ಕೊಟ್ಟಿತು. ಮರುವರ್ಷ ಕಾರ್ಗಿಲ್ ಯುದ್ಧದ ವೇಳೆ ಅದನ್ನು ವಾಪಸು ಮಾಡಬೇಕೆಂದು ಅದೇ ಶಿವಸೇನೆ ಗಲಾಟೆ ಎಬ್ಬಿಸಿತು. ದಿಲೀಪ್ ಕುಮಾರ್ ಪ್ರಧಾನಿ ವಾಜಪೇಯಿಯವರನ್ನು ಭೇಟಿಯಾದರು, ಪ್ರಶಸ್ತಿಯನ್ನು ಇಟ್ಟುಕೊಂಡರು. ಅವಮಾನ ಅವರಿಗೂ ಆಯಿತು. ಆದರೆ ಪ್ರಧಾನಿಯ ಬಾಗಿಲು ಅವರಿಗೆ ತೆರೆದಿತ್ತು.

ಪೋಷಕ ನಟನಿಗೆ ಯಾರ ಬಾಗಿಲು ತೆರೆಯುತ್ತದೆ? ಅವನ ಸ್ಥಿತಿ ಹೇಗಿದೆಯೆಂದು ಸ್ವಲ್ಪ ಯೋಚಿಸಿ. ನಾಯಕನನ್ನು ಕೈಬಿಟ್ಟರೆ ಸಿನಿಮಾವೇ ಇಲ್ಲ. ಪೋಷಕ ನಟನನ್ನು ಕೈಬಿಟ್ಟರೆ ಮರುದಿನ ಇನ್ನೊಬ್ಬ ಮುದುಕ ಬರುತ್ತಾನೆ. ಸಂಭಾವನೆ ಕೆಲಸ ಮಾಡಿದ ದಿನಗಳಿಗೆ, ಮಾಡಿದ ಪಾತ್ರಕ್ಕೆ ಮಾತ್ರ. ನಿವೃತ್ತಿ ವೇತನವಿಲ್ಲ, ಗ್ರಾಚ್ಯುಟಿಯಿಲ್ಲ. ಅವನನ್ನು ತೆಗೆಯಲು ನೋಟಿಸು ಬೇಕಿಲ್ಲ, ಫೋನು ಮಾಡದಿದ್ದರೆ ಸಾಕು. ಬೆದರಿಸುವವರಿಗೆ ಇದಕ್ಕಿಂತ ಸುಲಭದ ಗುರಿ ಬೇಕೇ? ನಿರ್ಮಾಪಕನಿಗೆ ಇದಕ್ಕಿಂತ ಅಗ್ಗದ ರಾಜಿ ಬೇಕೇ? ಒಂದು ಹೆಸರನ್ನು ಪಟ್ಟಿಯಿಂದ ತೆಗೆದರೆ ಗಲಾಟೆ ಮುಗಿಯಿತು. ಸ್ವಾಭಿಮಾನ ಹೋಯಿತೆಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಅದು ಪೋಸ್ಟರಿನಲ್ಲಿ ಇದ್ದ ಹೆಸರೇ ಅಲ್ಲ.

ಹಂಗಲ್‌ರ ವಿಷಯದಲ್ಲಿ ನಿಜವಾಗಿ ನಡೆದದ್ದು ಇದೇ. ಕರೆಕೊಟ್ಟವರು ಠಾಕ್ರೆ. ಅದನ್ನು ಜಾರಿಗೆ ತಂದದ್ದು ಚಿತ್ರರಂಗ. ಇಪ್ಟಾದ ಹಳೆಯ ಸಂಗಾತಿಗಳಂಥ ಕೆಲವರು ಜೊತೆಗೆ ನಿಂತಿರಬಹುದು. ಆದರೆ ಹಂಗಲ್‌ರಿಲ್ಲದಿದ್ದರೆ ನಾವೂ ನಟಿಸುವುದಿಲ್ಲ ಎಂದು ನಾಲ್ಕು ಮಂದಿ ದೊಡ್ಡ ನಟರು ಹೇಳಿದ್ದರೆ ಎರಡು ವರ್ಷ ಬೇಕಾಗುತ್ತಿರಲಿಲ್ಲ, ಎರಡು ವಾರ ಸಾಕಿತ್ತು. ರಾಮಗಢದ ಜನ ಮೌನವಾಗಿದ್ದದ್ದು ಗಬ್ಬರ್‌ನ ಬಂದೂಕಿಗೆ ಹೆದರಿ. ಪರದೆಯ ಮೇಲೆ ಗಬ್ಬರ್‌ನಂಥವರನ್ನು ದಿನಾ ಸದೆಬಡಿಯುತ್ತಿದ್ದ ಹೀರೋಗಳಿದ್ದ ಊರು ಮೌನವಾಗಿದ್ದದ್ದು ಯಾವುದಕ್ಕೆ ಹೆದರಿ?

ಇನ್ನು ಉಳಿತಾಯದ ಉಪದೇಶ ಮಾಡುವವರ ವಿಷಯ. 2011ರಲ್ಲಿ ಹಂಗಲ್‌ರ ಆರ್ಥಿಕ ಸಂಕಷ್ಟ ಸುದ್ದಿಯಾದಾಗ, ದುಡಿದಾಗ ಕೂಡಿಡಬೇಕಿತ್ತು ಎಂದವರೂ ಇದ್ದರು. 'ಶೋಲೆ' ಐವತ್ತು ವರ್ಷ ಓಡಿದೆ. ಟಿವಿಯಲ್ಲಿ ಬಂತು, ಕ್ಯಾಸೆಟ್ಟಾಯಿತು, ಡಿವಿಡಿಯಾಯಿತು, 2014ರಲ್ಲಿ 3ಡಿಯಾಗಿ ಮತ್ತೆ ಥಿಯೇಟರಿಗೆ ಬಂತು. ಪ್ರತಿಸಲವೂ ಯಾರಿಗೋ ದುಡ್ಡು ಬಂದಿದೆ. ಸಂಭಾವನೆ ಒಮ್ಮೆ ಕೈಗೆ ಬಂದರೆ ಮುಗಿಯಿತು ಎಂಬ ಪದ್ಧತಿಯಲ್ಲಿ ಪೋಷಕ ನಟನಿಗೆ ಇದರಲ್ಲಿ ಪಾಲೆಲ್ಲಿ? ಅವನ ಮುಖ ದುಡಿಯುತ್ತಲೇ ಇರುತ್ತದೆ, ಅವನು ಮಾತ್ರ ನಿರುದ್ಯೋಗಿ. 2012ರ ಜೂನ್‌ನಲ್ಲಿ ಜಾರಿಗೆ ಬಂದ ಹಕ್ಕುಸ್ವಾಮ್ಯ ಕಾಯ್ದೆಯ ತಿದ್ದುಪಡಿ, ಪ್ರದರ್ಶಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನ ಸಲ್ಲಬೇಕೆಂದು ಹೇಳಿತು. ಹಾಡುವವರು ಸಂಘ ಕಟ್ಟಿಕೊಂಡು ಅದನ್ನು ಕೇಳಲು ಹೊರಟರು. ನಟರಲ್ಲಿ ಅದು ಬೇಡವಾದವರು ಬಲಿಷ್ಠರು, ಬೇಕಾದವರು ದುರ್ಬಲರು. ಅದೇ ವರ್ಷ ಆಗಸ್ಟ್ 26ರಂದು ಹಂಗಲ್ ತೀರಿಕೊಂಡರು.

ಸರ್ಕಾರ 2006ರಲ್ಲಿ ಪದ್ಮಭೂಷಣ ಕೊಟ್ಟಿತಲ್ಲ ಎನ್ನಬಹುದು. ಕೊಟ್ಟಿತು, ಸಂತೋಷ. ಆದರೆ ಪದಕ ಔಷಧಿ ಅಂಗಡಿಯಲ್ಲಿ ನಡೆಯುವುದಿಲ್ಲ. ಸುದ್ದಿ ತಿಳಿದು ನೆರವಿಗೆ ಬಂದ ಚಿತ್ರರಂಗದ ಮಂದಿಯ ಸಜ್ಜನಿಕೆಯನ್ನೂ ಅಲ್ಲಗಳೆಯುವುದಿಲ್ಲ. ಅವರು ಚೆಕ್ ಬರೆಯಬೇಕಾದ ಸ್ಥಿತಿ ಯಾಕೆ ಬಂತೆಂಬುದೇ ಪ್ರಶ್ನೆ. ಹಕ್ಕಾಗಿ ಬರಬೇಕಾದದ್ದು ದಾನವಾಗಿ ಬಂದಾಗ ಕೊಟ್ಟವನ ಕೈ ಮೇಲಾಗುತ್ತದೆ, ದುಡಿದವನ ತಲೆ ತಗ್ಗುತ್ತದೆ. ಇಷ್ಟಾಗಿಯೂ ಹಂಗಲ್ ಕೈಚಾಚಿ ಕೂರಲಿಲ್ಲ. ನಿಷೇಧದ ನಂತರ ಮತ್ತೆ ಬಣ್ಣ ಹಚ್ಚಿದರು. 2001ರ 'ಲಗಾನ್'ನಲ್ಲಿ ಶಂಭು ಕಾಕಾ ಆದರು. ಸಾಯುವ ವರ್ಷವೂ 'ಮಧುಬಾಲಾ' ಧಾರಾವಾಹಿಗಾಗಿ ಗಾಲಿಕುರ್ಚಿಯಲ್ಲಿ ಕುಳಿತು ಕ್ಯಾಮೆರಾದ ಮುಂದೆ ಬಂದರು. ಅವರು ಕೇಳಿದ್ದು ಕೆಲಸ.

ಇದು ಮುಂಬೈಯ ಕತೆ, ನಮಗೇನು ಎನ್ನುವಂತಿಲ್ಲ. ನೂರಾರು ಕನ್ನಡ ಸಿನಿಮಾಗಳಲ್ಲಿ ನಾವು ನೋಡಿದ ಸತ್ಯಜಿತ್‌ರ ಮೂಲ ಹೆಸರು ಸಯ್ಯದ್ ನಿಜಾಮುದ್ದೀನ್. ಗ್ಯಾಂಗ್ರಿನ್‌ನಿಂದ ಕಾಲು ಕಳಕೊಂಡು, ಕೆಲಸವಿಲ್ಲದೆ ಕಷ್ಟಪಟ್ಟು 2021ರಲ್ಲಿ ತೀರಿಕೊಂಡರು. ಆಗಲೂ ನಾವು ಪಾಪ ಅಂದೆವು. ಕರ್ನಾಟಕ ಸರ್ಕಾರ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಕಾನೂನು ರೂಪಿಸಿದೆ. ಟಿಕೆಟ್ ಮುಂತಾದವುಗಳ ಮೇಲೆ ಶೇ. 1ರಿಂದ 2ರಷ್ಟು ಸೆಸ್ ವಿಧಿಸಿ ನಿಧಿ ಕಟ್ಟುವ ಯೋಜನೆ ಅದರಲ್ಲಿದೆ. ಒಳ್ಳೆಯದು. ಅದು ಕಡತದಲ್ಲಿ ಉಳಿಯದೆ ಕಾಯಿಲೆ ಬಿದ್ದ ನಟನ ಮನೆ ಬಾಗಿಲಿಗೆ ತಲುಪುವಂತೆ ನೋಡಿಕೊಳ್ಳಬೇಕು. ಆದರೆ ಕಲ್ಯಾಣ ನಿಧಿ ಕಾಯಿಲೆಗೆ ಮದ್ದಾದೀತು, ಬೆದರಿಕೆಗಲ್ಲ. ಬೆದರಿಕೆಗೆ ಮದ್ದು ಕಲಾವಿದರ ಸಂಘದಲ್ಲೇ ಇದೆ. ಯಾವುದೇ ನಟನನ್ನು ಹೆಸರು, ಧರ್ಮ, ಭೇಟಿ, ಮಾತು ಇವುಗಳ ಕಾರಣಕ್ಕೆ ಬೀದಿಯ ಒತ್ತಡಕ್ಕೆ ಮಣಿದು ಕೈಬಿಟ್ಟರೆ ಆ ಚಿತ್ರೀಕರಣಕ್ಕೆ ಯಾರೂ ಹೋಗುವುದಿಲ್ಲ ಎಂಬ ಒಂದು ನಿಯಮ. ಕಾರ್ಮಿಕ ಸಂಘ ಎಂದರೆ ಇಷ್ಟೇ ಅಲ್ಲವೇ? ಹಂಗಲ್ ಸಿನಿಮಾಕ್ಕೆ ಬರುವ ಮೊದಲೇ ನಂಬಿದ್ದ ಸಂಗತಿಯಿದು.

ಸಿಯಾಲ್‌ಕೋಟ್‌ನ ಗಲ್ಲಿಯೊಂದನ್ನು ಸಾಯುವ ಮೊದಲು ನೋಡಬೇಕೆಂದು ಆಸೆಪಟ್ಟದ್ದೇ ಒಬ್ಬ ವೃದ್ಧನ ಅಪರಾಧವಾಯಿತು. ಹುಟ್ಟಿದ ಊರಿನ ಮೇಲೆ ಪ್ರೀತಿಯಿಲ್ಲದವನಿಗೆ ದೇಶದ ಮೇಲೆ ಎಲ್ಲಿಂದ ಬಂದೀತು? ಇನ್ನೊಬ್ಬ ಪೋಷಕ ನಟನ ಹೆಸರಿಗೆ ಇಂಥದೇ ಮಸಿ ಬಳಿಯುವ ದಿನ ಬಂದೇ ಬರುತ್ತದೆ. ಆತ ಹಾಸಿಗೆ ಹಿಡಿಯುವ ತನಕ ಕಾದು, ಆಮೇಲೆ ಕಣ್ಣೀರು ಸುರಿಸುವ ಬದಲು, ಅವನ ಹೆಸರನ್ನು ಪಟ್ಟಿಯಿಂದ ತೆಗೆದ ದಿನವೇ ತೆಗೆದವರ ಬಾಗಿಲಿಗೆ ಹೋಗಿ ಯಾಕೆ ತೆಗೆದಿರಿ ಎಂದು ಕೇಳೋಣ.